ಹೊಗೆಯನ್ನು ಕಲ್ಲಾಗಿಸುವ ವಿದ್ಯೆ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಬ್ಯಾಂಕಿನ ಗುಮಾಸ್ತರಾದ ನಾವು ಕಲ್ಲಿನ ವಿಷಯ ಮಾತನಾಡಲು ನಿಂತದ್ದನ್ನು ಕಂಡು ಕೆಲವರಿಗೆ ನಗು ಬಂದಿರಬಹುದು. ನಾವು ಓದಿದ್ದು ಬಿ.ಕಾಂ., ರಸಾಯನಶಾಸ್ತ್ರವಲ್ಲ. ಆದರೆ ಇದೂ ಒಂದು ಬಗೆಯಲ್ಲಿ ಜಮಾಖರ್ಚಿನ ಮಾತೇ. ಕಲ್ಲಿದ್ದಲು, ಎಣ್ಣೆಗಳನ್ನು ಸುಟ್ಟು ಲೋಕವು ವರ್ಷಕ್ಕೆ ಸುಮಾರು 3,700 ಕೋಟಿ ಟನ್ನು ಇಂಗಾಲಾಮ್ಲ ವಾಯುವನ್ನು ಆಕಾಶದ ಖಾತೆಗೆ ಏರಿಸುತ್ತಿದೆ. ಭೂಮಿ ಕಾಯುತ್ತಿರುವುದು ಈ ಸಾಲದಿಂದಲೇ.

ಐಸ್‌ಲೆಂಡ್ ಜ್ವಾಲಾಮುಖಿಗಳ ನಾಡು. ಅಲ್ಲಿಯ ಹೆಲ್ಲಿಶೆಯ್ದಿ ಎಂಬಲ್ಲಿ ನೆಲದೊಳಗಿನ ಬಿಸಿ ಹಬೆಯಿಂದ ವಿದ್ಯುತ್ತನ್ನು ಪಡೆಯುತ್ತಾರೆ. ಹಬೆಯೊಡನೆ ಇಂಗಾಲಾಮ್ಲವೂ ಬರುತ್ತದೆ. 2007ರಲ್ಲಿ ಆರಂಭವಾದ ‘ಕಾರ್ಬ್‌ಫಿಕ್ಸ್’ ಯೋಜನೆಯವರು 2012ರಲ್ಲಿ ಮೊದಲಿಗೆ 175 ಟನ್ನು ವಾಯುವನ್ನು ನೀರಿನಲ್ಲಿ ಕರಗಿಸಿ, 400ರಿಂದ 800 ಮೀಟರ್ ಆಳದ ಬೆಸಾಲ್ಟ್ ಶಿಲೆಗೆ ಇಳಿಸಿದರು. ಈ ನೀರು ಸೋಡಾದಂತೆ ಸ್ವಲ್ಪ ಹುಳಿ. ಅದು ಕಲ್ಲನ್ನು ಕೊರೆದು ಸುಣ್ಣ, ಮೆಗ್ನೀಷಿಯಂ, ಕಬ್ಬಿಣಗಳ ಅಂಶವನ್ನು ಬಿಡಿಸುತ್ತದೆ. ಅವು ಇಂಗಾಲಾಮ್ಲದೊಡನೆ ಕೂಡಿ ಬಿಳಿಯ ಹರಳಾಗಿ ಶಿಲೆಯ ರಂಧ್ರಗಳಲ್ಲಿ ಕೂರುತ್ತವೆ.

ಇಳಿಸಿದ್ದೇ ಹರಳಾಯಿತೆಂದು ಗೊತ್ತಾಗುವುದು ಹೇಗೆ? ಇಲ್ಲಿಯ ಉಪಾಯ ನಮಗೆ ಬಹಳ ಮೆಚ್ಚುಗೆಯಾಯಿತು. ಖಜಾಂಚಿಯು ನೋಟಿನ ನಂಬರು ಬರೆದಿಟ್ಟುಕೊಳ್ಳುವಂತೆ, ಅವರು ವಾಯುವಿಗೆ ಇಂಗಾಲ-14ರ ಗುರುತನ್ನು ಬೆರೆಸಿದ್ದರು. ಪರೀಕ್ಷಾ ಬಾವಿಯೊಳಗಿನ ಪಂಪು ಒಂದು ದಿನ ಕೆಟ್ಟು ನಿಂತಿತು. ಎತ್ತಿ ನೋಡಿದರೆ ಅದಕ್ಕೆ ಕ್ಯಾಲ್ಸೈಟ್ ಹರಳು ಕಟ್ಟಿತ್ತು. ಹರಳಿನಲ್ಲಿ ಅದೇ ಗುರುತು! ನೂರಾರು ವರ್ಷ ಹಿಡಿಯುವುದೆಂದು ತಿಳಿದಿದ್ದ ಕೆಲಸ ಎರಡು ವರ್ಷದೊಳಗೆ ನೂರಕ್ಕೆ 95 ಪಾಲು ಮುಗಿದಿತ್ತೆಂದು 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವರದಿಯಾಯಿತು.

ಇನ್ನು ನಮ್ಮ ಕಾಲ ಕೆಳಗಿನ ಕಲ್ಲು. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಹರಿದ ಲಾವಾರಸ ಆರಿ ಆದ ದಖ್ಖನದ ಕರಿಗಲ್ಲೂ ಬೆಸಾಲ್ಟೇ. ಅದು ಐದು ಲಕ್ಷ ಚದರ ಕಿಲೋಮೀಟರ್ ಹರಡಿದೆ. ಪುಣೆ, ಮುಂಬಯಿ, ಅತ್ತ ನಮ್ಮ ವಿಜಯಪುರ, ಕಲಬುರಗಿ, ಬೆಳಗಾವಿಗಳ ಭಾಗಗಳೂ ಅದರ ಮೇಲಿವೆ. ಊರಿನ ಮನೆಯ ಗೋಡೆ, ಇಲ್ಲಿಯ ಬಾಡಿಗೆ ಮನೆಯ ಅಡಿಪಾಯ, ಎರಡೂ ಒಂದೇ ಕಲ್ಲು! ಈ ಹರಳನ್ನು ನೋಡಿರಿ; ಇಲ್ಲಿಯ ಗಣಿಯೊಂದರ ಬಳಿ ಸಿಕ್ಕಿತು. ಲಾವಾ ಆರಿದ ಮೇಲೆ ಅದರ ಪೊಳ್ಳುಗಳಲ್ಲಿ ಇಳಿದ ನೀರು ಕಟ್ಟಿದ ಕ್ಯಾಲ್ಸೈಟ್ ಇದು. ಕೈಯಿಂದ ಕೈಗೆ ದಾಟಿಸಿರಿ.

ಹಾಗೆಂದು ಚಿಂತೆ ತೀರಿತೆನ್ನಲಾರೆವು. ಒಂದು ಟನ್ನು ವಾಯುವನ್ನು ಕರಗಿಸಲು ಸುಮಾರು 25 ಟನ್ನು ನೀರು ಬೇಕು. ಬೇಸಗೆಯಲ್ಲಿ ಕೊಡಕ್ಕಾಗಿ ಸಾಲು ನಿಂತವರಿಗೆ ಇದರ ಅರ್ಥವನ್ನು ಹೇಳಬೇಕಾಗಿಲ್ಲ. ಸಮುದ್ರದ ನೀರಿನಿಂದಲೂ ಅವರು ಪ್ರಯೋಗ ನಡೆಸಿದ್ದಾರೆ. ನೆಲಕ್ಕೆ ನೀರು ತುಂಬಿದರೆ ಕಂಪನದ ಭಯವೂ ಉಂಟು. 2011ರಲ್ಲಿ ಹೆಲ್ಲಿಶೆಯ್ದಿಯ ವಿದ್ಯುತ್ ಕೇಂದ್ರದವರು ಬಳಸಿದ ನೀರನ್ನು ಮರಳಿ ನೆಲಕ್ಕಿಳಿಸಿದಾಗ ಸುತ್ತಲವರಿಗೆ ನೆಲ ನಡುಗಿದ್ದು ತಿಳಿಯಿತು. 1967ರ ಕೊಯ್ನಾ ಭೂಕಂಪವನ್ನು ಕಂಡ ಹಿರಿಯರು ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಾರರು.

ಮತ್ತೆ ಗುಮಾಸ್ತರ ಲೆಕ್ಕ. 2021ರಲ್ಲಿ ಅಲ್ಲಿಯೇ ಗಾಳಿಯಿಂದ ನೇರವಾಗಿ ಇಂಗಾಲಾಮ್ಲವನ್ನು ಹಿಡಿಯುವ ‘ಓರ್ಕಾ’ ಸ್ಥಾವರ ಶುರುವಾಯಿತು. ಅದರ ಶಕ್ತಿ ವರ್ಷಕ್ಕೆ 4,000 ಟನ್ನು. 3,700 ಕೋಟಿಯನ್ನು ಇದರಿಂದ ಭಾಗಿಸಿದರೆ ಇಂಥ 92 ಲಕ್ಷಕ್ಕೂ ಮೇಲ್ಪಟ್ಟ ಸ್ಥಾವರಗಳು ಬೇಕು! ಈ ವಿದ್ಯೆ ಸಿಮೆಂಟು, ಉಕ್ಕಿನ ಕಾರ್ಖಾನೆಗಳ ಹೊಗೆಗೆ ಒದಗಿದರೆ ಸಂತೋಷ. ಇದರ ಭರವಸೆಯ ಮೇಲೆ ಹೊಸ ಕಲ್ಲಿದ್ದಲು ಸುಡುವುದು ಮಾತ್ರ ಬಡ್ಡಿ ಕಟ್ಟಲು ಮತ್ತೆ ಸಾಲ ಮಾಡಿದಂತೆ.

ಹರಳು ಹಿಂದಿನ ಸಾಲಿಗೆ ಇನ್ನೂ ಹೋದಂತಿಲ್ಲ, ದಾಟಿಸಿರಿ. ಅದು ನಮ್ಮ ಮನೆಯ ಹುಡುಗನ ಆಸ್ತಿ. ಮರಳಿ ಒಯ್ಯದಿದ್ದರೆ ರಾತ್ರಿ ಊಟವಿಲ್ಲ.