ನಿಮ್ಮ ನೆಲೆ ಯಾವುದು?



ವೇದಿಕೆ ಹತ್ತಿ ಮೌಲ್ಯ, ಮೌಲ್ಯ ಎಂದು ಗಂಟಲು ಹರಿದುಕೊಳ್ಳುವುದು ಸುಲಭ. ನಿಮ್ಮ ಮೌಲ್ಯ ಯಾವುದೆಂದು ತಿಳಿಯಬೇಕೇ? ಯಾವುದಕ್ಕಾಗಿ ನಷ್ಟ ಮಾಡಿಕೊಂಡಿದ್ದೀರಿ, ಅದನ್ನು ನೋಡಿ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ ಎಚ್. ನರಸಿಂಹಯ್ಯ 1935ರಲ್ಲಿ ಓದಲೆಂದು ಬೆಂಗಳೂರಿಗೆ ನಡೆದೇ ಬಂದರು. 1942ರಲ್ಲಿ ದೇಶ ಕರೆದಾಗ ಅದೇ ಓದನ್ನು ಬಿಟ್ಟು ಜೈಲಿಗೆ ಹೋದರು. ಮುಂದೆ ಓದು ಮುಗಿಸಿ, ಅಮೆರಿಕದಲ್ಲಿ ಡಾಕ್ಟರೇಟ್ ಪಡೆದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಆದರೂ ಖಾದಿ ಬಿಡಲಿಲ್ಲ, ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆ ಬಿಡಲಿಲ್ಲ, ಪ್ರಶ್ನೆ ಕೇಳುವುದನ್ನೂ ಬಿಡಲಿಲ್ಲ. ಕುರ್ಚಿ ಬದಲಾಯಿತು, ಮನುಷ್ಯ ಬದಲಾಗಲಿಲ್ಲ!

ಇನ್ನು ನೀವು? ಇಂದು ರಾತ್ರಿ ಒಂದು ಹಾಳೆ ತೆಗೆದು ಬರೆಯಿರಿ: ನಿಮ್ಮ ಬಗ್ಗೆ ನಿಮಗೇ ನಾಚಿಕೆಯಾದದ್ದು ಯಾವಾಗ? ಇಂಟರ್‌ವ್ಯೂನಲ್ಲಿ ಸುಳ್ಳು ಹೇಳಿದಾಗಲೇ? ಗೆಳೆಯರೆದುರು ಅಮ್ಮನ ಹಳ್ಳಿ ಮಾತಿಗೆ ತಲೆ ತಗ್ಗಿಸಿದಾಗಲೇ? ನೀವು ತುಳಿದ ಮೌಲ್ಯವೇ ಆ ನಾಚಿಕೆಯಾಗಿ ಚುಚ್ಚುತ್ತಿದೆ. ಅದನ್ನು ಗುರುತಿಸಿ. ಅದಕ್ಕೆ ತಕ್ಕ ಒಂದೇ ಒಂದು ಕೆಲಸವನ್ನು ನಾಳೆ ಮಾಡಿ, ಯಾರೂ ನೋಡದಿರುವಾಗ.

ಬಾವುಟ ಹಿಡಿದ ಕೈಯೇ ಲಂಚಕ್ಕೂ ಚಾಚಿದರೆ, ಆ ಬಾವುಟಕ್ಕೆ ಏನು ಮರ್ಯಾದೆ? ಯೋಚಿಸಿ!