ಪಟ್ಟಿಯಲ್ಲಿಲ್ಲದ ಪ್ರಜೆ



ಚುನಾವಣೆ ಸಮೀಪಿಸಿದಾಗಲೆಲ್ಲ ನಮ್ಮ ಮೊಹಲ್ಲಾಗಳಲ್ಲಿ ಕೇಳಿ ಬರುವುದು ಒಂದೇ ಪ್ರಶ್ನೆ: ಈ ಬಾರಿ ಯಾವ ಪಕ್ಷಕ್ಕೆ? ಈ ಪ್ರಶ್ನೆ ತಪ್ಪಲ್ಲ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ನಮ್ಮ ಮನೆಯ ಎಲ್ಲರ ಹೆಸರೂ ಮತದಾರರ ಪಟ್ಟಿಯಲ್ಲಿದೆಯೇ?

2023ರ ವಿಧಾನಸಭಾ ಚುನಾವಣೆಯಂದು ಮತಗಟ್ಟೆಯೊಂದರ ಹೊರಗೆ ಯುವತಿಯೋರ್ವಳು ಗುರುತಿನ ಚೀಟಿ ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ನಾವು ಕಂಡೆವು. ತವರಿನ ಪಟ್ಟಿಯಿಂದ ಹೆಸರು ಹೋಗಿತ್ತು, ಗಂಡನ ಊರಿನ ಪಟ್ಟಿಗೆ ಸೇರಿರಲಿಲ್ಲ. ಅತ್ತೆ, ಮಾವ, ಪತಿ ಎಲ್ಲರೂ ಮತ ಚಲಾಯಿಸಿ ಬಂದಿದ್ದರು. ವಿವಾಹವಾಗಿ ನಾಲ್ಕು ವರ್ಷವಾದರೂ ಆಕೆಯ ಹೆಸರಿನ ಬಗ್ಗೆ ಯಾರೂ ವಿಚಾರಿಸಿರಲಿಲ್ಲ. ಇದಕ್ಕೆ ನಾವು ಯಾವ ಸರಕಾರವನ್ನು ದೂರೋಣ?

ಸಂವಿಧಾನದ 326ನೇ ವಿಧಿ ವಯಸ್ಕರೆಲ್ಲರಿಗೂ ಮತದಾನದ ಹಕ್ಕು ನೀಡಿದೆ. 1989ರಲ್ಲಿ ಈ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಆದರೆ ಗುರುತಿನ ಚೀಟಿ ಕೈಯಲ್ಲಿದ್ದ ಮಾತ್ರಕ್ಕೆ ಮತ ಹಾಕಲಾಗದು, ಪಟ್ಟಿಯಲ್ಲಿ ಹೆಸರಿರಬೇಕು. ಹೊಸ ಸೇರ್ಪಡೆಗೆ ನಮೂನೆ 6, ಆಕ್ಷೇಪಣೆ ಮತ್ತು ತೆಗೆಯುವಿಕೆಗೆ ನಮೂನೆ 7, ವಿಳಾಸ ಬದಲಾವಣೆಗೆ ನಮೂನೆ 8. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದ ಬಳಿಕ ಆ ಚುನಾವಣೆಗೆ ಹೊಸ ಹೆಸರು ಸೇರಿಸಲು ಕಾನೂನು ಒಪ್ಪುವುದಿಲ್ಲ.

ಒಮ್ಮೆ ಸೇರಿದ ಹೆಸರು ಶಾಶ್ವತವೂ ಅಲ್ಲ. 2023ರ ಚುನಾವಣೆಗೆ ಮುನ್ನ ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ ಹೆಸರು ತೆಗೆಯುವಂತೆ ಕೋರಿ 6,018 ಅರ್ಜಿಗಳು ಆನ್‌ಲೈನ್‌ ಮೂಲಕ ಸಲ್ಲಿಕೆಯಾದವು. ಪರಿಶೀಲಿಸಿದಾಗ ಸರಿಯೆಂದು ಕಂಡದ್ದು ಕೇವಲ 24. ಮತಗಟ್ಟೆ ಮಟ್ಟದ ಅಧಿಕಾರಿಯೋರ್ವರು ತಮ್ಮ ಸಂಬಂಧಿಯ ಹೆಸರೇ ಅದರಲ್ಲಿರುವುದನ್ನು ಗಮನಿಸಿದ್ದರಿಂದ ವಿಷಯ ಬಯಲಾಯಿತು. ಒಬ್ಬರ ಎಚ್ಚರ ಸಾವಿರಾರು ಮಂದಿಯ ಹಕ್ಕನ್ನು ಉಳಿಸಿತು. ಬಿಹಾರದಲ್ಲಿ 2025ರ ಆಗಸ್ಟ್‌ನಲ್ಲಿ ಪ್ರಕಟವಾದ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರುಗಳು ಬಿಟ್ಟುಹೋದಾಗ, ಅವುಗಳನ್ನು ಕಾರಣಸಹಿತ ಪ್ರಕಟಿಸುವಂತೆ ಸುಪ್ರೀಮ್ ಕೋರ್ಟ್ ಆದೇಶಿಸಬೇಕಾಯಿತು. ಆದೇಶವನ್ನು ನ್ಯಾಯಾಲಯ ನೀಡಬಲ್ಲದು. ಆದರೆ ಪಟ್ಟಿಯನ್ನು ಓದಿ ನೋಡಬೇಕಾದವರು ನಾವೇ.

ಪಕ್ಷಗಳು ನಮ್ಮನ್ನು ಮತಬ್ಯಾಂಕ್ ಎಂದು ಕಾಣುತ್ತವೆ ಎಂಬ ದೂರು ನಮ್ಮದು. ಐದು ವರ್ಷ ನಿದ್ರಿಸಿ, ಕೊನೆಯ ರಾತ್ರಿ ಯಾರದೋ ಸೂಚನೆಗೆ ಕಾಯುವ ಸಮುದಾಯವನ್ನು ಅವು ಬೇರೇನೆಂದು ಕಾಣಬೇಕು? ಮತವು ಒಂದು ಸಾಕ್ಷ್ಯ. ಸಾಕ್ಷಿ ನುಡಿಯುವವನು ಮೊದಲು ಹಾಜರಿರಬೇಕು. ಪತ್ನಿಯ, ಮಗಳ, ಸೊಸೆಯ ಸಾಕ್ಷ್ಯವೂ ಅವರದೇ ಆಗಿರಬೇಕು. ಮನೆಯ ಯಜಮಾನನ ಪ್ರತಿಧ್ವನಿ ಆಗಬಾರದು.

ಆದ್ದರಿಂದ ನಮ್ಮ ವಿನಂತಿ ಇಷ್ಟೇ. ಪ್ರತಿ ಮೊಹಲ್ಲಾದಲ್ಲಿ ವಿದ್ಯಾವಂತ ಯುವಕ ಯುವತಿಯರು ಪಟ್ಟಿ ಹಿಡಿದು ಮನೆಮನೆಗೆ ಹೋಗಲಿ. ನೆರೆಯ ಹಿಂದೂ, ಕ್ರೈಸ್ತ ಮನೆಗಳ ಕದವನ್ನೂ ತಟ್ಟಲಿ. ಈ ಕೆಲಸಕ್ಕೆ ಚುನಾವಣೆಯ ಘೋಷಣೆಯನ್ನು ಕಾಯಬೇಕಿಲ್ಲ. ಇಂದು ಮನೆಗೆ ಮರಳಿದೊಡನೆ ಸೊಸೆಯ ಹೆಸರು ಎಲ್ಲಿದೆ ಎಂದು ಒಮ್ಮೆ ಕೇಳಿ ನೋಡಿ.