ಅಳುವ ಸರದಿ

(ಗೂಡಲೂರು ಭಾಗದ ತೋಟಗಳ ದುಡಿಯುವ ಕುಟುಂಬಗಳ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಮಕ್ಕಳ ವಿಷಯವಾಗಿ ನಾಲ್ಕು ಮಾತಾಡಿ ಎಂದು ನಮಗೆ ಹೇಳಿದ್ದಾರೆ. ಭಾನುವಾರ ಮಕ್ಕಳಿಗೆ ಜ್ಞಾನೋಪದೇಶ ಹೇಳಿಕೊಡುವವರಲ್ಲವೇ, ಮಕ್ಕಳ ಮನಸ್ಸು ಇವರಿಗೆ ತಿಳಿದಿರಬೇಕು ಎಂದು ಅವರ ಎಣಿಕೆ ಇರಬಹುದು. ನಾವು ಓದಿದ್ದು ಎಸ್.ಎಸ್.ಎಲ್.ಸಿ. ಮಾತ್ರ. ಲೈನ್ ಮನೆಯಲ್ಲಿ ಹುಟ್ಟಿ ಲೈನ್ ಮನೆಯಲ್ಲೇ ಬೆಳೆದವರು. ಕಂಡದ್ದನ್ನು ಹೇಳುತ್ತೇವೆ. ನಿಮ್ಮ ಮನೆಗೆ ಸೇರುತ್ತದೋ ಇಲ್ಲವೋ ನೀವೇ ನೋಡಿಕೊಳ್ಳಿ.

ನಮ್ಮ ಲೈನುಗಳಲ್ಲಿ ಒಂದು ಮಗುವನ್ನು ಹೊಗಳಬೇಕಾದರೆ "ಕಷ್ಟ ತಿಳಿದ ಮಗು" ಎನ್ನುತ್ತೇವೆ. ಹಬ್ಬಕ್ಕೆ ಬಟ್ಟೆ ಕೇಳುವುದಿಲ್ಲ, ತಮ್ಮನನ್ನು ಸೊಂಟದಿಂದ ಇಳಿಸುವುದಿಲ್ಲ, ಅಪ್ಪ ಕುಡಿದು ಬಂದರೆ ಬಾಗಿಲ ಹಿಂದೆ ನಿಂತು ಚಿಕ್ಕವರ ಕಿವಿ ಮುಚ್ಚುತ್ತದೆ. ಹತ್ತು ವರ್ಷಕ್ಕೇ ದೊಡ್ಡವರ ಬುದ್ಧಿ ಬಂದಿದೆ ಎಂದು ಹೆಮ್ಮೆಪಡುತ್ತೇವೆ. ಈ ಹೆಮ್ಮೆಯ ಬಗ್ಗೆ ನಮಗೆ ಸಂಶಯ ಹುಟ್ಟಿದ್ದು ನಮ್ಮ ಅಕ್ಕನಿಂದ. ಅಕ್ಕನ ಒಪ್ಪಿಗೆ ಪಡೆದೇ ಇದನ್ನು ಇಲ್ಲಿ ಹೇಳುತ್ತಿದ್ದೇವೆ.

1986ನೇ ಇಸವಿ. ಅಕ್ಕನಿಗೆ 10 ವರ್ಷ, ನಮಗೆ 7. ಅವ್ವನಿಗೆ ಓದು ಬಾರದು. ಶಾಲೆಯಲ್ಲಿ ನಮಗೆ ತಮಿಳು. ಕನ್ನಡದ ಅಕ್ಷರ ಕಲಿತದ್ದು ಪೂಜೆಯಾದ ಮೇಲೆ ಆಗಿನ ಉಪದೇಶಿಗಳು ನಡೆಸುತ್ತಿದ್ದ ತರಗತಿಯಲ್ಲಿ. ಆದುದರಿಂದ ಗುಂಡ್ಲುಪೇಟೆ ಕಡೆಯ ನಮ್ಮ ಊರಿನಿಂದ ಬರುವ ಇನ್‌ಲ್ಯಾಂಡ್ ಕಾಗದಗಳನ್ನು ಓದುವ ಕೆಲಸ ಅಕ್ಕನದಾಗಿತ್ತು. ನಮ್ಮ ಅಜ್ಜಿ ತೋಟದ ದುಡಿಮೆ ಮುಗಿಸಿ ಊರಿಗೆ ಮರಳಿದ್ದರು. ಅದಕ್ಕೆ ಮೊದಲು ಅಕ್ಕನನ್ನು ಎತ್ತಿ ಆಡಿಸಿ ಸಾಕಿದವರು ಅವರೇ.

ಆ ಸಂಜೆ ಅವ್ವ ಎಲೆ ತೂಕಕ್ಕೆ ಹಾಕಿ ಬಂದು, ನೆನೆದ ಕಂಬಳಿ ಬಿಚ್ಚಿ ಒಲೆಯ ಮುಂದೆ ಕುಳಿತಿದ್ದಳು. ಅಕ್ಕ ಕಾಗದ ಒಡೆದು ಮನಸ್ಸಿನಲ್ಲೇ ಓದಿಕೊಂಡಳು.

"ಏನಂತೆ?" ಎಂದಳು ಅವ್ವ.

"ಎಲ್ಲಾ ಚೆನ್ನಾಗವ್ರಂತೆ. ಮೊದ್ಲು ಉಣ್ಣವ್ವ."

ಅವ್ವ ಉಂಡಳು. ತಟ್ಟೆ ತೊಳೆದಿಟ್ಟ ಮೇಲೆ ಅಕ್ಕ ಪಕ್ಕದಲ್ಲಿ ಕುಳಿತು, ಅಜ್ಜಿ ತೀರಿಕೊಂಡು ಒಂಬತ್ತು ದಿನವಾಯಿತೆಂದು ಹೇಳಿದಳು.

ಲೈನಿಗೆ ಲೈನೇ ನಮ್ಮ ಮನೆಗೆ ಬಂತು. ಅವ್ವನನ್ನು ಹಿಡಿದುಕೊಂಡು ಅಳುವವರು ಅತ್ತರು, ಸಮಾಧಾನ ಹೇಳುವವರು ಹೇಳಿದರು. ಬಂದವರಿಗೆಲ್ಲ ಚಹಾ ಕಾಸಿದ್ದು ಅಕ್ಕ. ನಮ್ಮನ್ನು ಮಲಗಿಸಿದ್ದೂ ಅಕ್ಕ. "ತಾಯಿ ಉಂಡ ಮೇಲೆ ಹೇಳಿದಳಲ್ಲ, ಎಂಥ ಬುದ್ಧಿ!" ಎಂದು ಎಷ್ಟೋ ವರ್ಷ ಜನ ಆಡಿಕೊಂಡರು. ನಾವೂ ಈ ಕಥೆಯನ್ನು ಜ್ಞಾನೋಪದೇಶದ ಮಕ್ಕಳಿಗೆ ಒಳ್ಳೆಯ ನಡತೆಗೆ ಉದಾಹರಣೆಯಾಗಿ ಹೇಳಿದ್ದುಂಟು. ಈಗ ಹೇಳುವುದಿಲ್ಲ.

ಯಾಕೆಂದರೆ ಮುಂದೆ ಅಕ್ಕನ ಮಗಳಿಗೂ 10 ವರ್ಷವಾಯಿತು. ಅವಳು ಸಾಕಿದ್ದ ಒಂದು ಕೋಳಿಮರಿ ಸತ್ತುಹೋಯಿತು. ಹುಡುಗಿ ಎರಡು ದಿನ ಉಣ್ಣದೆ ಅತ್ತಳು. ಯಾರಿಗೂ ಗಟ್ಟಿಯಾಗಿ ಮಾತಾಡದ ನಮ್ಮ ಅಕ್ಕ ಅವಳಿಗೆ ಚೆನ್ನಾಗಿ ಹೊಡೆದಳು. ರಾತ್ರಿ ನಮ್ಮ ಮನೆಗೆ ಬಂದು ಕುಳಿತು ಅವಳು ಹೇಳಿದ ಮಾತು ಇದು: "ಅವಳು ಅಳೋದು ಕಂಡು ಹೊಟ್ಟೆಕಿಚ್ಚು ಬಂತು ಕಣೋ. ನಮ್ಮಜ್ಜಿ ಸತ್ತಾಗ ನನಗೆ ಅಳೋ ಸರದಿನೇ ಬರಲಿಲ್ಲ." ಹೊಟ್ಟೆಕಿಚ್ಚು ಎಂಬ ಪದ ಅವಳದೇ, ನಾವು ಸೇರಿಸಿದ್ದಲ್ಲ.

ಗಂಡಸರೇ, ನಮ್ಮ ಪಾಡೂ ಬೇರೆಯಲ್ಲ. ದುಃಖವಾದರೂ ಸಿಟ್ಟು, ಹೆದರಿಕೆಯಾದರೂ ಸಿಟ್ಟು, ನಾಚಿಕೆಯಾದರೂ ಸಿಟ್ಟು. ಸಂಘಕ್ಕೆ ಬರುವ ಮನೆಜಗಳಗಳನ್ನು ಕೂತು ಕೇಳಿದರೆ, ನಲವತ್ತೈದು ವರ್ಷದ ಆಳಿನ ಒಳಗಿನಿಂದ ಒಬ್ಬ ಹತ್ತು ವರ್ಷದ ಹುಡುಗ ಕೂಗಾಡುತ್ತಿರುವಂತೆ ನಮಗೆ ಎಷ್ಟೋ ಸಲ ಅನಿಸಿದೆ. ಮೈ ದುಡಿಮೆ ಕಲಿತಿತು, ಸಂಸಾರ ಹೊತ್ತಿತು. ಮನಸ್ಸು ಮಾತ್ರ ಎಲ್ಲೋ ಹಿಂದೆ ಉಳಿದುಹೋಯಿತು.

ಇದಕ್ಕೆ ನಮ್ಮ ತಂದೆತಾಯಿಗಳನ್ನು ದೂರುತ್ತಿಲ್ಲ. ಅವರ ಬಾಲ್ಯವನ್ನೂ ನೋಡಬೇಕು. 1951ರ ಪ್ಲಾಂಟೇಶನ್ ಲೇಬರ್ ಕಾಯಿದೆ ಮೊದಲಿಗೆ ಬಂದಾಗ, 12 ವರ್ಷ ತುಂಬದ ಮಗುವನ್ನು ತೋಟದಲ್ಲಿ ದುಡಿಸಬಾರದೆಂದು ಹೇಳಿತ್ತು. ಅಂದರೆ 12 ತುಂಬಿದರೆ ಆಯಿತು. ವಾರಕ್ಕೆ 40 ಗಂಟೆಯವರೆಗೆ ದುಡಿಸಬಹುದಾಗಿತ್ತು. 1981ರ ತಿದ್ದುಪಡಿಯಲ್ಲಿ ಅದನ್ನು 27ಕ್ಕೆ ಇಳಿಸಿದರು. ಕೆಲಸಕ್ಕೆ ತಕ್ಕ ಮೈ ಇದೆಯೆಂದು ಡಾಕ್ಟರ ಸರ್ಟಿಫಿಕೇಟು ಬೇಕು, ಅದರ ಗುರುತಿಗೆ ಒಂದು ಬಿಲ್ಲೆಯನ್ನು ಮಗು ಕೆಲಸದಲ್ಲಿ ಜೊತೆಗಿಟ್ಟುಕೊಳ್ಳಬೇಕು. ನಮ್ಮ ಅವ್ವ ಹಾಗೆ ಬಿಲ್ಲೆ ಇಟ್ಟುಕೊಂಡು ಕೆಲಸಕ್ಕೆ ಇಳಿದವಳು. ಮೈ ಗಟ್ಟಿಯಿದೆಯೇ ಎಂದು ನೋಡಿದರು. ಮನಸ್ಸಿಗೆ ಸರ್ಟಿಫಿಕೇಟು ಕೇಳಿದವರು ಯಾರು? 1986ರಲ್ಲಿ ಕಾನೂನು ಬದಲಾಗಿ ಮಗುವೆಂದರೆ 14 ತುಂಬದವರು ಎಂದಾಯಿತು. 2010ರಿಂದ ಶಿಕ್ಷಣದ ಹಕ್ಕು ಬಂತು. ಈಗ ಕೊಳೆತೊಪ್ಪೆಯಲ್ಲಿ ಮಕ್ಕಳಿಗೆ ಬಿಲ್ಲೆಯಿಲ್ಲ. ಆದರೆ ಬಿಲ್ಲೆಯಿಲ್ಲದ ಕೆಲಸ ಮನೆಯೊಳಗೆ ನಡೆದೇ ಇದೆ.

ಆ ಕೆಲಸ ಯಾವುದು? ಪಾತ್ರೆ ತೊಳೆಯುವುದು, ನೀರು ತರುವುದು, ಇವನ್ನು ನಾವು ಹೇಳುತ್ತಿಲ್ಲ. ಅದು ಮಕ್ಕಳಿಗೆ ಒಳ್ಳೆಯದೇ. ನಮ್ಮ ಮಕ್ಕಳು ಏನೂ ಅರಿಯದವರೂ ಅಲ್ಲ. ಲೈನ್ ಮನೆಯ ಒಂದೇ ಗೋಡೆಯ ಆಚೆ ಈಚೆ ಹುಟ್ಟು, ಸಾವು, ಬೈಗುಳ ಎಲ್ಲವೂ ಅವರ ಕಿವಿಗೆ ಬೀಳುತ್ತದೆ. ಮುಗ್ಧತೆಯೆಂದರೆ ತಿಳಿಯದಿರುವುದು ಎಂದಾದರೆ ನಮ್ಮಲ್ಲಿ ಯಾವ ಮಗುವೂ ಮುಗ್ಧವಲ್ಲ. ನಮಗೆ ತೋರುವುದು ಬೇರೆ. ತನಗೆ ತಿಳಿದದ್ದನ್ನು ಹೊರುವುದಕ್ಕೆ ದೊಡ್ಡವರು ಇದ್ದಾರೆ ಎಂಬ ನೆಚ್ಚಿಕೆ ಮಗುವಿಗೆ ಇರಬೇಕು. ಅಕ್ಕ ಸಾವಿನ ಸುದ್ದಿ ಓದಿದ್ದು ತಪ್ಪಲ್ಲ. ಅದನ್ನು ಯಾವಾಗ ಹೇಳಬೇಕು, ಹೇಳಿದ ಮೇಲೆ ಅವ್ವನಿಗೆ ಏನಾಗುತ್ತದೆ ಎಂಬ ಯೋಚನೆ ಅವಳ ಪಾಲಿಗೆ ಬಂತು. ಅವಳು ಹೊತ್ತ ಮೇಲೆ ಯಾರೂ ಇಳಿಸಿಕೊಳ್ಳಲಿಲ್ಲ.

ಅವ್ವ ಕೊನೆಯ ವರ್ಷಗಳಲ್ಲಿ ನರ್ಸರಿಯಲ್ಲಿ ಕೆಲಸ ಮಾಡಿದಳು. ನಿಮಗೆಲ್ಲ ಗೊತ್ತಿರುವುದೇ. ಒಂದೆಲೆಯ ಚಹಾ ಕಡ್ಡಿಯನ್ನು ಪಾಲಿಥೀನ್ ಚೀಲದಲ್ಲಿ ನೆಟ್ಟು ಮೇಲೆ ಚಪ್ಪರ ಹಾಕುತ್ತೇವೆ. ಬೇರು ಬಂತು, ಚಿಗುರು ಬಂತು ಎಂದು ಒಂದೇ ದಿನ ಚಪ್ಪರ ಕಿತ್ತರೆ ಗಿಡ ಸುಟ್ಟುಹೋಗುತ್ತದೆ. ಸ್ವಲ್ಪ ಸ್ವಲ್ಪವೇ ನೆರಳು ತೆಗೆದು ಬಿಸಿಲಿಗೆ ಪಳಗಿಸಬೇಕು. ಹಾಗೆಂದು ಚಪ್ಪರದಡಿಯಲ್ಲೇ ಬಿಟ್ಟರೆ ಗಿಡ ಸಣಕಲಾಗಿ ಉದ್ದಕ್ಕೆ ಹೋಗುತ್ತದೆ, ತೋಟಕ್ಕೆ ಬರುವುದಿಲ್ಲ. ಕಾಡಿಗೆ ಇಳಿಸಿ ನೆಟ್ಟ ಮೇಲೂ ಎಳೆ ಗಿಡದಿಂದ ಪೂರಾ ಎಲೆ ಕೀಳಲು ಮೇಸ್ತ್ರಿ ಬಿಡುವುದಿಲ್ಲ; ಕಿತ್ತವರಿಗೆ ಬೈಗುಳ ಗ್ಯಾರಂಟಿ. ಗಿಡದ ವಿಷಯದಲ್ಲಿ ಇಷ್ಟು ಜಾಣರಾದ ನಾವು ಮನೆಗೆ ಬಂದು, ಇಲ್ಲಿ ಕೂತುಕೋ ಮಗಳೇ, ಫೋನಿಗೆ ಬಂದ ಸಾಲದ ಮೆಸೇಜ್ ಓದಿ ಹೇಳು ಎನ್ನುತ್ತೇವೆ.

ಹೌದು, ಇನ್‌ಲ್ಯಾಂಡ್ ಕಾಗದ ಹೋಗಿ ಫೋನು ಬಂದಿದೆ, ಅಷ್ಟೇ. ಸಾಲದ ಕಂತು ತಪ್ಪಿದ್ದು, ಆಸ್ಪತ್ರೆಯ ಚೀಟಿ, ಪಿ.ಎಫ್. ಅರ್ಜಿ ತಿರುಗಿ ಬಂದದ್ದು, ಎಲ್ಲವೂ ಮೊದಲು ಮಗುವಿನ ಕಣ್ಣಿಗೆ ಬೀಳುತ್ತದೆ. ಕಳೆದ ವರ್ಷ ಏಳನೇ ತರಗತಿಯ ಒಬ್ಬ ಹುಡುಗ ನಮ್ಮ ತರಗತಿ ಮುಗಿದ ಮೇಲೆ ಹಿಂದೆ ನಿಂತು, "ಬಡ್ಡಿ ಕಟ್ಟದಿದ್ದರೆ ಅಮ್ಮನನ್ನು ಹಿಡಿದುಕೊಂಡು ಹೋಗುತ್ತಾರಾ?" ಎಂದು ಕೇಳಿದ. ಎಷ್ಟು ದಿನದಿಂದ ಅದನ್ನು ಒಬ್ಬನೇ ಇಟ್ಟುಕೊಂಡಿದ್ದನೋ. ಅವನು ಜ್ಞಾನೋಪದೇಶದ ಪ್ರಶ್ನೆಗಳಿಗೆ ಎಂದೂ ತಪ್ಪು ಹೇಳದ ಹುಡುಗ. ನಾವೂ ಅವನನ್ನು ಕಷ್ಟ ತಿಳಿದ ಮಗು ಎಂದೇ ಹೊಗಳುತ್ತಿದ್ದೆವು.

ಸಂತ ಲೂಕರ ಶುಭಸಂದೇಶದ ಎರಡನೇ ಅಧ್ಯಾಯ ನಿಮಗೆ ನೆನಪಿರಬಹುದು. ಬಾಲಯೇಸುವಿಗೆ 12 ವರ್ಷ. ಹಬ್ಬ ಮುಗಿದ ಮೇಲೆ ಜೆರುಸಲೇಮಿನಲ್ಲೇ ಉಳಿದುಬಿಟ್ಟರು. ಮರಿಯಮ್ಮನವರೂ ಜೋಸೆಫರೂ ಒಂದು ದಿನದ ದಾರಿ ಹೋದವರು ಹಿಂದಿರುಗಿ ಹುಡುಕಿದರು. ಮೂರು ದಿನವಾದ ಮೇಲೆ ದೇವಾಲಯದಲ್ಲಿ ಸಿಕ್ಕಿದರು. ಪಂಡಿತರೇ ಬೆರಗಾಗುವಷ್ಟು ಬುದ್ಧಿಯಿದ್ದ ಮಗು ಅದು. ಆದರೂ ಹುಡುಕಿದವರು ದೊಡ್ಡವರು. ತಾಯಿ ತನ್ನ ಸಂಕಟವನ್ನು ಬಾಯಿಬಿಟ್ಟು ಹೇಳಿದಳು, ಮಗನ ಪ್ರಶ್ನೆ ಅರ್ಥವಾಗದಿದ್ದರೂ ಮನೆಗೆ ಕರೆದುಕೊಂಡು ಹೋದಳು. ಆಮೇಲೂ ಅವರು ಬೆಳೆಯುತ್ತಿದ್ದರು ಎಂದೇ ಲೂಕರು ಬರೆದಿದ್ದಾರೆ. 12ಕ್ಕೆ ಬೆಳೆದು ಮುಗಿಯಿತೆಂದು ಬರೆದಿಲ್ಲ.

ಅಕ್ಕ ಆ ರಾತ್ರಿ ನಮ್ಮ ಮನೆಯಲ್ಲಿ ಬಹಳ ಹೊತ್ತು ಅತ್ತಳು. ಅಜ್ಜಿಯ ಹೆಸರು ಹೇಳಿಕೊಂಡು ಅತ್ತಳು. ಬೆಳಗ್ಗೆ ಮನೆಗೆ ಹೋಗಿ ಮಗಳ ಜೊತೆ ಕೋಳಿಮರಿ ಹೂಳಿದ ಜಾಗ ನೋಡಿ ಬಂದಳಂತೆ. ಹುಡುಗಿ ಅಲ್ಲಿ ಒಂದು ಪುಟ್ಟ ಶಿಲುಬೆ ನೆಟ್ಟಿದ್ದಳು. ಕೋಳಿಗೆ ಶಿಲುಬೆ ಇಡಬಹುದೇ ಎಂದು ಅಕ್ಕ ನಮ್ಮನ್ನು ಕೇಳಿದಳು. ಸ್ವಾಮಿಗಳ ಮುಂದೆಯೇ ಹೇಳುತ್ತೇವೆ, ಇಡಬಹುದು ಎಂದುಬಿಟ್ಟೆವು.

ಕೊನೆಗೆ ಒಂದು ಪ್ರಕಟಣೆ. ಬರುವ ಭಾನುವಾರದಿಂದ ಪೂಜೆಯಾದ ಮೇಲೆ ಒಂದು ಗಂಟೆ ಹೊತ್ತು ಸಂಘದ ಮೂವರು ಈ ಜಗಲಿಯಲ್ಲಿ ಕೂತಿರುತ್ತೇವೆ. ಕನ್ನಡ, ತಮಿಳು, ಮಲಯಾಳ ಮೂರನ್ನೂ ಓದುವವರಿದ್ದಾರೆ. ಬ್ಯಾಂಕಿನ ಕಾಗದ, ಆಸ್ಪತ್ರೆಯ ಚೀಟಿ, ಫೋನಿನ ಮೆಸೇಜ್ ಏನೇ ಇರಲಿ ತನ್ನಿ, ಓದಿ ಹೇಳುತ್ತೇವೆ. ಹೊರಗೆ ಹೋಗದಂತೆ ಇಟ್ಟುಕೊಳ್ಳುತ್ತೇವೆ. ಮಕ್ಕಳನ್ನು ಒಳಗೆ ಕರೆತರಬೇಡಿ. ಅಂಗಳದಲ್ಲಿ ಆಡಿಕೊಂಡಿರಲಿ, ಚೆಂಡು ಒಂದು ತರಿಸಿದ್ದೇವೆ.